ಹೊಲದ ಸಾಲು, ದಾಖಲೆಯ ಸಾಲು: ಹಿಂಗಾರಿ ಜೋಳದ ಸಹಾಯಧನ ಕುರಿತು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಜಂಟಿ ಕೃಷಿ ನಿರ್ದೇಶಕರು ಹಾಗೂ ಹನ್ನೊಂದು ತಾಲ್ಲೂಕುಗಳ ತಹಶೀಲ್ದಾರರು,
ಕಲಬುರಗಿ ಜಿಲ್ಲೆ

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ತೊಗರಿಯ ಬಗ್ಗೆ ಬರೆಯುವವರು ಬಹಳ ಮಂದಿ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದಕ್ಕೊಂದು ಅಭಿವೃದ್ಧಿ ಮಂಡಳಿ ಇದೆ, ಬೆಲೆ ಬಿದ್ದ ದಿನ ರಸ್ತೆಗಿಳಿಯುವ ಸಂಘಟನೆಗಳೂ ಇವೆ. ಜೋಳಕ್ಕೆ ಅಂಥ ದಿಕ್ಕಿಲ್ಲ. ಎರಿ ಎಂದರೆ ಕಪ್ಪು ಮಣ್ಣಿನ ಹೊಲದಲ್ಲಿ ಉತ್ತರಿ, ಹಸ್ತ ಮಳೆಗೆ ಬಿತ್ತಿ, ಶಿವರಾತ್ರಿಯ ಆಸುಪಾಸಿನಲ್ಲಿ ಕಿತ್ತು, ರಾಶಿ ಮಾಡಿ, ಅರ್ಧ ಮನೆಯ ರೊಟ್ಟಿಗೆ ಇಟ್ಟು ಅರ್ಧ ಪೇಟೆಯ ಗಂಜ್‌ಗೆ ಹಾಕುವ ಬಿಳಿಜೋಳದ ಸಹಾಯಧನ ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬುದನ್ನು ಹೇಳಲು ಈ ಪತ್ರ.

ಯೋಜನೆಗಳು ಕಡಿಮೆ ಎಂಬುದು ನಮ್ಮ ದೂರಲ್ಲ. ಬೆಳೆ ವಿಮೆ ಇದೆ, ಬೆಂಬಲ ಬೆಲೆ ಇದೆ, ಬೆಳೆಹಾನಿ ಪರಿಹಾರ ಇದೆ. ಆದರೆ ಈ ಮೂರೂ ಒಂದೇ ಗೂಟಕ್ಕೆ ಕಟ್ಟುಬಿದ್ದಿವೆ: ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನ ಮುಂದೆ ಯಾವ ಬೆಳೆ, ಎಷ್ಟು ಎಕರೆ ಗುಂಟೆ ಎಂದು ಬರೆದ ಆ ಒಂದು ಸಾಲು. ವಿಮೆ ಕಟ್ಟಿದ್ದು ಜೋಳಕ್ಕೆ, ಸಮೀಕ್ಷೆಯಲ್ಲಿ ಕಡಲೆ ಎಂದಿದ್ದರೆ ಅರ್ಜಿ ತಿರಸ್ಕೃತ. ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಹೋದರೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ನೋಡುವುದೂ ಅದೇ ಸಾಲನ್ನು. ಆ ಸಾಲು ತಪ್ಪಿದರೆ ಹೊಲದಲ್ಲಿ ನಿಂತ ನಾಲ್ಕು ಎಕರೆ ಜೋಳ ಸರ್ಕಾರದ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಸಾಲು ಯಾಕೆ ತಪ್ಪುತ್ತದೆ? ಸಮೀಕ್ಷೆಗೆ ಬರುವ ಹುಡುಗರ ಸೋಮಾರಿತನ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅಷ್ಟೇ ಅಲ್ಲ. ಜೋಳದ ಹೊಲದ ಬದುವಿನಗುಂಟ ಎರಡು ಸಾಲು ಕುಸುಬೆ ಹಾಕುವುದು ಇಲ್ಲಿಯ ಹಳೆಯ ಪದ್ಧತಿ. ಕುಸುಬೆಗೆ ಮುಳ್ಳಿರುತ್ತದೆ, ದನ ಒಳಗೆ ನುಗ್ಗುವುದಿಲ್ಲ. ಈಗ ಮೊಬೈಲ್ ಹಿಡಿದವನು ಬದುವಿನ ಮೇಲೆ ನಿಂತು ಫೋಟೋ ತೆಗೆದರೆ ಮುಂದೆ ಕಾಣುವುದು ಕುಸುಬೆ, ಜೋಳ ಅದರ ಹಿಂದೆ ಮಸುಕು. ಫೋಟೋ ನೋಡಿ ಅನುಮೋದಿಸುವ ಮೇಲ್ವಿಚಾರಕ ಕುಸುಬೆ ಎಂದೇ ಒಪ್ಪುತ್ತಾನೆ. ಒಳಗೆ ಇಪ್ಪತ್ತು ಹೆಜ್ಜೆ ನಡೆದು ಎರಡನೆಯ ಫೋಟೋ ತೆಗೆಯುವುದು ಕಡ್ಡಾಯವಾದರೆ ಈ ತಪ್ಪಿನ ದೊಡ್ಡ ಪಾಲು ನಿಲ್ಲುತ್ತದೆ. ಇದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ.

ಎರಡನೆಯ ಕಾರಣ ಪೋಡಿ, ಅಂದರೆ ಜಂಟಿ ಸರ್ವೆ ನಂಬರನ್ನು ಅಳೆದು ನಕ್ಷೆಯಲ್ಲಿ ಬೇರೆ ಮಾಡುವ ಕೆಲಸ, ಆಗದಿರುವುದು. ಒಂದೇ ಸರ್ವೆ ನಂಬರಿನಲ್ಲಿ ಅಣ್ಣತಮ್ಮಂದಿರು ನಾಲ್ವರು, ಹೊಲದಲ್ಲಿ ಬದು ಬಿದ್ದಿದೆ, ನಕ್ಷೆಯಲ್ಲಿ ಬಿದ್ದಿಲ್ಲ. ಒಬ್ಬ ತೊಗರಿ ಹಾಕಿದ್ದಾನೆ, ಇನ್ನೊಬ್ಬ ಜೋಳ, ಮತ್ತೊಬ್ಬ ಕಡಲೆ. ಆ್ಯಪ್‌ನಲ್ಲಿ ಗಡಿ ಒಂದೇ ಆದ್ದರಿಂದ ಮೊದಲು ಸಿಕ್ಕ ಬೆಳೆಯೇ ಇಡೀ ನಂಬರಿಗೆ ಬೀಳುತ್ತದೆ. ಪೋಡಿ ಆಗುವ ತನಕ ಕಾಯಿರಿ ಎಂದರೆ ಮಕ್ಕಳ ಕಾಲಕ್ಕೆ ಹೋಗುತ್ತದೆ. ಜಂಟಿ ಖಾತೆಯ ನಂಬರುಗಳಲ್ಲಿ ಖಾತೆದಾರರ ಹೆಸರುವಾರು ಬೆಳೆ ಮತ್ತು ವಿಸ್ತೀರ್ಣವನ್ನು ಬಿಡಿಬಿಡಿಯಾಗಿ ದಾಖಲಿಸಿ, ಒಬ್ಬೊಬ್ಬರ ಫೋಟೋ ಬೇರೆ ಬೇರೆ ಲಗತ್ತಿಸಲು ಗ್ರಾಮ ಆಡಳಿತ ಅಧಿಕಾರಿಗಳಿಗೆ ಸ್ಪಷ್ಟ ಸೂಚನೆ ಕೊಡಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದು ಮಳೆಗಾಲದ ಲೆಕ್ಕ.

ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ಕಡೆಯ ಆಳವಾದ ಎರಿಯಲ್ಲಿ ಬಹಳಷ್ಟು ಹೊಲಗಳನ್ನು ಮುಂಗಾರಿಯಲ್ಲಿ ಬಿತ್ತುವುದೇ ಇಲ್ಲ. ಮೂರು ತಿಂಗಳು ಮಳೆ ಕುಡಿಸಿ, ನಡುನಡುವೆ ಕುಂಟೆ ಹೊಡೆದು ಕಳೆ ತೆಗೆದು, ಹಸಿ ಹಿಡಿದಿಟ್ಟು, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಜೋಳ ಬಿತ್ತುತ್ತಾರೆ. ಮುಂದೆ ಒಂದು ಹನಿ ಬೀಳದಿದ್ದರೂ ಆ ಹಸಿಯ ಮೇಲೆಯೇ ಬೆಳೆ ಬರಬೇಕು. ಅಂದರೆ ಹೊಲ ಖಾಲಿ ಕಾಣುವ ಆ ಮೂರು ತಿಂಗಳೂ ಬೇಸಾಯದ್ದೇ ಕಾಲ. ಮುಂಗಾರಿ ಸಮೀಕ್ಷೆ ಮಾತ್ರ ಅದನ್ನು ಬೀಳು ಎಂದು ಬರೆದುಕೊಳ್ಳುತ್ತದೆ.

ಇದರ ಪರಿಣಾಮ ನೆರೆ ಬಂದಾಗ ಕಾಣುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಭೀಮೆ ಉಕ್ಕಿದಾಗ ನಿಂತ ಬೆಳೆ ಹೋದವರಿಗೆ ಪರಿಹಾರವಿತ್ತು. ವಿಪತ್ತು ಪರಿಹಾರ ನಿಧಿಯ ಮಾನದಂಡದ ಪ್ರಕಾರ ಶೇ 33ಕ್ಕಿಂತ ಹೆಚ್ಚು ಹಾನಿಯಾದ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಗರಿಷ್ಠ 2 ಹೆಕ್ಟೇರಿಗೆ; ರಾಜ್ಯ ಸರ್ಕಾರ ಅದರ ಮೇಲೆ ಇನ್ನೂ 8,500 ಘೋಷಿಸಿತು. ಒಟ್ಟು 17,000, ಎಂದರೆ ಎಕರೆಗೆ 6,900ರ ಹತ್ತಿರ. ಹಿಂಗಾರಿಗೆ ಬಿಟ್ಟ ಹೊಲದಲ್ಲಿ ನಿಂತ ಬೆಳೆಯೇ ಇಲ್ಲವಲ್ಲ, ಆದ್ದರಿಂದ ಅದರ ಮಾಲೀಕ ಪಟ್ಟಿಯ ಹೊರಗೆ. ಹೊಲದಲ್ಲಿ ಹೂಳು ತುಂಬಿದ್ದರೆ ಹೆಕ್ಟೇರಿಗೆ 18,000 ಕೊಡುವ ಇನ್ನೊಂದು ಬಾಬ್ತು ಇದೆ, ಆದರೆ ಅದಕ್ಕೆ ಹೂಳಿನ ದಪ್ಪ 3 ಇಂಚು ದಾಟಿರಬೇಕು. ಎರಡು ಇಂಚು ರೇವೆ ಕೂತು, ತೇವ ಆರದೆ, ಕೂರಿಗೆ ಹೂಡಲಾಗದೆ ಜೋಳದ ಹದವೇ ಮೀರಿಹೋದ ಹೊಲಕ್ಕೆ ಈ ಬಾಬ್ತೂ ಇಲ್ಲ, ಆ ಬಾಬ್ತೂ ಇಲ್ಲ. ಒಂದು ವರ್ಷದ ಏಕೈಕ ಬೆಳೆ ಹೋಯಿತು, ಕಾಗದದ ಮೇಲೆ ನಷ್ಟ ಸೊನ್ನೆ.

ಬಿತ್ತನೆಯೇ ಆಗದಿದ್ದರೆ ವಿಮೆಯಲ್ಲಿ ವಿಮಾ ಮೊತ್ತದ ಶೇ 25 ಕೊಡುವ ಅವಕಾಶ ಇದೆ ಎಂದು ತಾವು ಹೇಳಬಹುದು. ಇದೆ, ನಿಜ. ಆದರೆ ಆ ವಿಮಾ ಘಟಕದಲ್ಲಿ, ಅಂದರೆ ನಷ್ಟವನ್ನು ಒಟ್ಟಾಗಿ ಲೆಕ್ಕಹಾಕುವ ಪ್ರದೇಶದಲ್ಲಿ, ಶೇ 75ಕ್ಕಿಂತ ಹೆಚ್ಚು ಕ್ಷೇತ್ರ ಬಿತ್ತನೆಯಾಗದೆ ಉಳಿದಿರಬೇಕು. ಹೊಳೆಯ ದಂಡೆಯ ಹೊಲಗಳು ಮುಳುಗಿ ಊರಾಚೆಯ ಏರು ಭೂಮಿ ಬಿತ್ತನೆಯಾದರೆ ಆ ಅಂಕಿ ಎಂದೂ ಮುಟ್ಟುವುದಿಲ್ಲ. ಹಾಗಾಗಿ ನಮ್ಮ ಬೇಡಿಕೆ ಇಷ್ಟು: ಮುಂಗಾರಿ ಸಮೀಕ್ಷೆಯಲ್ಲಿ ‘ಹಿಂಗಾರಿಗೆ ಬಿಟ್ಟ ಹೊಲ’ ಎಂಬ ಪ್ರತ್ಯೇಕ ನಮೂದು ಬರಲಿ, ಬೀಳು ಎಂಬುದರ ಜೊತೆ ಅದನ್ನು ಸೇರಿಸಬೇಡಿ. ಹಿಂದಿನ ಮೂರು ವರ್ಷ ಅದೇ ನಂಬರಿನಲ್ಲಿ ಹಿಂಗಾರಿ ಜೋಳ ಅಥವಾ ಕಡಲೆ ದಾಖಲಾಗಿದ್ದರೆ ಅದೇ ಸಾಕ್ಷಿ. ನಮೂದಿದ್ದರೆ ನಾಳೆ ಪರಿಹಾರದ ಪ್ರಸ್ತಾವ ಬರೆಯಲು ತಮ್ಮ ಕೈಯಲ್ಲಿ ಅಂಕಿಯಾದರೂ ಇರುತ್ತದೆ.

ಇನ್ನು ವಿಮೆ. ಹಿಂಗಾರಿ ಧಾನ್ಯಕ್ಕೆ ರೈತನ ಕಂತು ವಿಮಾ ಮೊತ್ತದ ಶೇ 1.5 ಮಾತ್ರ, ಉಳಿದದ್ದು ಸರ್ಕಾರಗಳದ್ದು. ಕಂತಿನ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಇಳುವರಿ ಅಳೆಯಲು ಆಯ್ದ ತಾಕುಗಳನ್ನು ಕೊಯ್ದು ತೂಗುವ ಬೆಳೆ ಕಟಾವು ಪ್ರಯೋಗದ ತಕ್ಕಡಿಯ ಬಗ್ಗೆ, ಮತ್ತು ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಊರಿನಲ್ಲಿ ನೂರಕ್ಕೆ ತೊಂಬತ್ತು ಜನರಿಗೆ ಇದು ಗೊತ್ತಿಲ್ಲ.

ಗ್ರಾಮ ಪಂಚಾಯಿತಿ ಘಟಕವಾಗಿರುವ ಬೆಳೆಗೆ ಪಂಚಾಯಿತಿಯಲ್ಲಿ ನಾಲ್ಕು ತಾಕು ಆರಿಸುತ್ತಾರೆ. ಜೋಳಕ್ಕೆ ಒಂದೊಂದು ತಾಕು 5 ಮೀಟರ್ ಉದ್ದ, 5 ಮೀಟರ್ ಅಗಲ. ಅಂದರೆ 25 ಚದರ ಮೀಟರ್, ಒಂದು ಹೆಕ್ಟೇರಿನ ನಾನೂರನೇ ಒಂದು ಪಾಲು. ಅಲ್ಲಿ ಸಿಕ್ಕ ಕಾಳಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ಈಗ ಒಂದು ಲೆಕ್ಕ ಹಾಕಿ. ಒಂದು ಪಂಚಾಯಿತಿಯ ಜೋಳದ ಪ್ರಾರಂಭಿಕ ಇಳುವರಿ, ಅಂದರೆ ಅದಕ್ಕಿಂತ ಕಡಿಮೆ ಬಂದರೆ ಪರಿಹಾರ ಕೊಡುವ ಮಟ್ಟ, ಹೆಕ್ಟೇರಿಗೆ 8 ಕ್ವಿಂಟಲ್, ವಿಮಾ ಮೊತ್ತ 40,000 ರೂಪಾಯಿ ಎಂದುಕೊಳ್ಳಿ. 8 ಕ್ವಿಂಟಲ್ ಎಂದರೆ ತಾಕಿಗೆ 2 ಕೆಜಿ. ಬರದಲ್ಲಿ ಸರಾಸರಿ 1.5 ಕೆಜಿ ಬಂತು, ಅಂದರೆ 6 ಕ್ವಿಂಟಲ್. ಕೊರತೆ ಶೇ 25, ಪರಿಹಾರ 10,000 ರೂಪಾಯಿ. ಹತ್ತು ಸಾವಿರಕ್ಕೂ ಸೊನ್ನೆಗೂ ನಡುವೆ ಇರುವುದು ತಾಕಿಗೆ ಅರ್ಧ ಕೆಜಿ ಕಾಳು. ತಾಕಿಗೆ 100 ಗ್ರಾಂ ಹೆಚ್ಚು ತೂಗಿದರೆ ಹೆಕ್ಟೇರಿಗೆ 2,000 ರೂಪಾಯಿ ಕಡಿಮೆ, ಅದೂ ಒಬ್ಬನಿಗಲ್ಲ, ಆ ಪಂಚಾಯಿತಿಯ ಪ್ರತಿಯೊಬ್ಬ ವಿಮಾದಾರನಿಗೆ.

ಆ 100 ಗ್ರಾಂ ಎಲ್ಲಿಂದ ಬರುತ್ತದೆ? ತೇವದಿಂದ. ಶೇ 20 ತೇವವಿರುವ 1.65 ಕೆಜಿ ಜೋಳವನ್ನು ಶೇ 12ಕ್ಕೆ ಒಣಗಿಸಿದರೆ ಉಳಿಯುವುದು ಸರಿಯಾಗಿ 1.5 ಕೆಜಿ. ಯಾರೂ ಕಳ್ಳತನ ಮಾಡಿಲ್ಲ, ಯಾರೂ ಸುಳ್ಳು ಬರೆದಿಲ್ಲ, ಹಸಿ ತೆನೆ ಬಡಿದು ತೂಗಿದರು ಅಷ್ಟೇ. ಆದರೂ ಹೆಕ್ಟೇರಿಗೆ 3,000 ರೂಪಾಯಿ ಆವಿಯಾಯಿತು. ಆದ್ದರಿಂದ ಜೋಳದ ಪ್ರತಿ ತಾಕಿನ ಕಾಳನ್ನೂ ಮೊಹರು ಮಾಡಿದ ಚೀಲದಲ್ಲಿ ಪಂಚಾಯಿತಿ ಕಚೇರಿಯಲ್ಲಿ ಒಣಗಿಸಿ, ಪಂಚರ ಮುಂದೆ ಎರಡನೆಯ ಬಾರಿ ತೂಗಿ, ಎರಡೂ ತೂಕಗಳನ್ನು ಅದೇ ನಮೂನೆಯಲ್ಲಿ ಬರೆಯಬೇಕು. ಪ್ರಯೋಗದ ದಿನ ಮತ್ತು ಸರ್ವೆ ನಂಬರು ಮೂರು ದಿನ ಮೊದಲೇ ಚಾವಡಿಯ ಫಲಕದ ಮೇಲೆ ಇರಲಿ. ಸಿಬ್ಬಂದಿ ಬರುವ ಮೊದಲೇ ಮಾಲೀಕ ಜೋಳ ಕಿತ್ತಿದ್ದರೆ ಬದಲಿ ತಾಕಿಗೆ ಹೋಗುತ್ತಾರೆ. ತಡವಾಗಿ ಮಾಗಿ ಇನ್ನೂ ನಿಂತಿರುವ ಹೊಲ ಸಾಮಾನ್ಯವಾಗಿ ಹಸಿ ಚೆನ್ನಾಗಿರುವ ಹೊಲ. ಹಾಗೆ ಬದಲಿ ತಾಕು ಬಂದಲ್ಲೆಲ್ಲ ಇಳುವರಿ ಮೇಲಕ್ಕೇರುತ್ತದೆ. ಬದಲಿ ಯಾಕೆ ಆಯಿತು ಎಂಬ ಕಾರಣ ದಾಖಲಾಗಲಿ.

ಕಿತ್ತು ಹಾಕಿದ ಜೋಳದ ಮೇಲೆ ಮಾರ್ಚ್‌ನಲ್ಲಿ ಅಕಾಲಿಕ ಮಳೆ, ಆಲಿಕಲ್ಲು ಬಿದ್ದರೆ ಕಾಳು ಕಪ್ಪಾಗುತ್ತದೆ, ಮೇವಿನ ದಂಟು ಕಣಕಿಯೂ ಕೆಡುತ್ತದೆ. ಕೊಯ್ಲಾದ 14 ದಿನದೊಳಗೆ, ಬೆಳೆ ಹೊಲದಲ್ಲೇ ಹರಡಿದ್ದರೆ ಅಥವಾ ಸಣ್ಣ ಸಿವುಡುಗಳಾಗಿದ್ದರೆ ವೈಯಕ್ತಿಕ ಪರಿಹಾರಕ್ಕೆ ಅವಕಾಶವಿದೆ. 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿ 14447. ಒಟ್ಟಿ ಬಣವೆ ಮಾಡಿದ ಮೇಲೆ ಹಾನಿಯಾದರೆ ಈ ಬಾಬ್ತಿನಲ್ಲಿ ಕೇಳುವುದು ಕಷ್ಟ. ರೈತರು ಇಲ್ಲಿ ಎಡವುವುದು ಸಮಯದಲ್ಲಿ: ಮೊದಲ ದಿನ ಮಳೆ, ಎರಡನೆಯ ದಿನ ತೆನೆ ತಿರುವಿ ಹಾಕುವ ಗಡಿಬಿಡಿ, ಮೂರನೆಯ ದಿನ ಭಾನುವಾರ, ನಾಲ್ಕನೆಯ ದಿನ ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ. ಮುಗಿಯಿತು. ಕೇಂದ್ರಕ್ಕೆ ಆಮೇಲೆ ಹೋಗಿ, ಮೊದಲು ಫೋನ್ ಹಚ್ಚಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬೆಂಬಲ ಬೆಲೆಯ ವಿಷಯ. 2025-26ಕ್ಕೆ ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,699, ನಮ್ಮ ಹಿಂಗಾರಿ ಬಿಳಿಜೋಳದ ತಳಿ ಮಾಲದಂಡಿಗೆ 3,749. ಐವತ್ತು ರೂಪಾಯಿ ವ್ಯತ್ಯಾಸ. ಮುಂಗಾರಿ ಹೈಬ್ರಿಡ್ ಕಾಳನ್ನೂ ಹಿಂಗಾರಿ ಮಾಲದಂಡಿಯನ್ನೂ ಪಕ್ಕಪಕ್ಕ ಇಟ್ಟು ಗಂಜ್‌ನ ಯಾವ ಅಡತಿಯನ್ನು ಕೇಳಿದರೂ ಈ ಐವತ್ತಕ್ಕೆ ನಗುತ್ತಾನೆ. ಇದು ದಿಲ್ಲಿಯಲ್ಲಿ ಆಗುವ ತೀರ್ಮಾನ, ತಮ್ಮ ಕೈಯಲ್ಲಿಲ್ಲ. ತಮ್ಮ ಕೈಯಲ್ಲಿರುವುದು ಕೇಂದ್ರ ತೆರೆಯುವ ತಾರೀಖು. ಪೇಟೆ ದರ ಬೆಂಬಲ ಬೆಲೆಗಿಂತ ಮೇಲಿದ್ದ ವರ್ಷ ಕೇಂದ್ರದ ಕಡೆ ಯಾರೂ ಸುಳಿಯುವುದಿಲ್ಲ. ಕೆಳಗೆ ಬಿದ್ದ ವರ್ಷ, ರಾಶಿಯಾದ ವಾರವೇ ಕೇಂದ್ರ ಬೇಕು. ಕೀಳುವ ಕೂಲಿ, ರಾಶಿ ಯಂತ್ರದ ಬಾಡಿಗೆ ಅಲ್ಲೇ ಎಣಿಸಬೇಕಾದ ಸಣ್ಣ ರೈತ ಎರಡು ತಿಂಗಳು ಚೀಲ ಒಟ್ಟಿಕೊಂಡು ಕೂರಲಾರ. ಏಪ್ರಿಲ್ ಕೊನೆಗೆ ತೆರೆದ ಕೇಂದ್ರಕ್ಕೆ ಬರುವ ಜೋಳ ರೈತನ ಮನೆಯದ್ದೋ ಯಾರ ಗೋದಾಮಿನದ್ದೋ ಎಂಬುದನ್ನು ತಾವೇ ಊಹಿಸಿ. ನೋಂದಣಿ ಜನವರಿಯಲ್ಲಿ, ಖರೀದಿ ಫೆಬ್ರುವರಿ ಕೊನೆಯಲ್ಲಿ ಶುರುವಾಗಬೇಕು.

ಕೇಂದ್ರದಲ್ಲಿ ಚೀಲ ವಾಪಸು ಬರುವುದು ಹೆಚ್ಚಾಗಿ ತೇವಾಂಶದ ಹೆಸರಿನಲ್ಲಿ. ಜೋಳಕ್ಕೆ ಮಿತಿ ಶೇ 14, ತೊಗರಿಗೆ ಶೇ 12. ಮಾಪಕ ಯಂತ್ರದಲ್ಲಿ ಯಾವ ಕಾಳು ಎಂದು ಆರಿಸುವ ಗುಂಡಿ ಇರುತ್ತದೆ. ಹಿಂದಿನ ದಿನ ತೊಗರಿ ನೋಡಿದ ಯಂತ್ರವನ್ನು ಬದಲಿಸದೆ ಜೋಳ ಹಾಕಿದರೆ ಬರುವ ಅಂಕಿಗೆ ಅರ್ಥವಿಲ್ಲ. ಯಂತ್ರದ ಮುಖ ರೈತನ ಕಡೆಗಿರಲಿ, ಬೆಳೆ ಹೆಸರು ಕಾಣಲಿ, ಮೂರು ಕಡೆಯಿಂದ ಮಾದರಿ ತೆಗೆದು ಸರಾಸರಿ ಹಿಡಿಯಲಿ. ಬೆಳಗಿನ ಇಬ್ಬನಿಯಲ್ಲಿ ಬರಿ ನೆಲದ ಮೇಲಿಟ್ಟ ಚೀಲದ ತಳದಿಂದ ತೆಗೆದ ಮಾದರಿಯಲ್ಲಿ ತೇವ ಹೆಚ್ಚೇ ಬರುತ್ತದೆ. ಪ್ರತಿ ಕೇಂದ್ರಕ್ಕೂ ಒಣಗಿಸಲು ನಾಲ್ಕು ತಾಡಪತ್ರಿ, ಒಂದು ಜರಡಿ, ಎರಡನೆಯ ಮಾಪಕ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದು ಲೆಕ್ಕಕ್ಕೇ ಬಾರದ ಖರ್ಚು.

ಬೀಜದ ರಿಯಾಯಿತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕರೆಗೆ ಹಿಂಗಾರಿ ಜೋಳದ ಬೀಜ ಬೇಕಾಗುವುದು 3 ಕೆಜಿ, ಬಹಳಷ್ಟು ಮನೆಗಳಲ್ಲಿ ಮಾಲದಂಡಿಯ ಮನೆಬೀಜವೇ ಇದೆ. ಖರ್ಚು ಹಿಡಿಯುವುದು ಬಿತ್ತುವಾಗಲ್ಲ, ಕೀಳುವಾಗ. ಎತ್ತರದ ಜೋಳವನ್ನು ಕಣಕಿ ಕೆಡದಂತೆ ಕಡಿದು ಸಾಲಾಗಿ ಮಲಗಿಸುವ ಯಂತ್ರ ಬೇಕು. ತೆನೆ ಮಾತ್ರ ಕತ್ತರಿಸಿ ದಂಟು ನುಚ್ಚು ಮಾಡುವ ಯಂತ್ರ ಇಲ್ಲಿ ನಡೆಯದು, ದನಕ್ಕೆ ವರ್ಷದ ಮೇವೇ ಕಣಕಿ. ಕೃಷಿ ಯಂತ್ರಧಾರೆ ಕೇಂದ್ರಗಳ ಬಾಡಿಗೆ ಪಟ್ಟಿಯಲ್ಲಿ ರೋಟವೇಟರ್ ಮೊದಲಾಗಿ ಉಳುವ ಸಾಮಾನುಗಳಿಗೆ ಸಿಗುವ ಜಾಗ ಜೋಳದ ಕೊಯ್ಲಿಗೂ ಸಿಗಲಿ.

ಒಂದು ಮಾತು ಬೆಂಗಳೂರಿಗೂ ತಲುಪಿಸಿ. 2018ರಲ್ಲಿ ಕೇಂದ್ರ ಸರ್ಕಾರ ಜೋಳವನ್ನು ಪೌಷ್ಟಿಕ ಧಾನ್ಯಗಳ ಪಟ್ಟಿಗೆ ಸೇರಿಸಿತು. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದಲ್ಲಿ ಮೇಳದ ಮಳಿಗೆಗಳ ಮೇಲೆಲ್ಲ ಜೋಳದ ತೆನೆಯ ಚಿತ್ರ. ಆದರೆ ಹೆಕ್ಟೇರಿಗೆ 10,000 ರೂಪಾಯಿ ಕೊಡುವ ರೈತಸಿರಿ ಯೋಜನೆ ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗಿನಂಥ ಕಿರುಧಾನ್ಯಗಳಿಗೆ ಮಾತ್ರ. ಆ ಬೆಳೆಗಾರರಿಗೆ ಸಿಗುವುದಕ್ಕೆ ನಮಗೆ ಹೊಟ್ಟೆಕಿಚ್ಚಿಲ್ಲ. ಪ್ರದರ್ಶನಕ್ಕೆ ಸಿರಿಧಾನ್ಯವಾಗಿ, ಪ್ರೋತ್ಸಾಹಧನಕ್ಕೆ ಮಾತ್ರ ಅಲ್ಲವಾಗುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ನೀರಿಲ್ಲದ ಹಿಂಗಾರಿ ಜೋಳಕ್ಕಾದರೂ ಒಂದು ಮೊತ್ತ ನಿಗದಿಯಾಗಲಿ.

ಹಣ ಮಂಜೂರಾದ ಮೇಲೂ ದಾರಿ ತಪ್ಪುವುದುಂಟು. ಪೋರ್ಟಲ್‌ನಲ್ಲಿ ಜಮಾ ಎಂದಿರುತ್ತದೆ, ಪಾಸ್‌ಬುಕ್ ಖಾಲಿ. ಆಧಾರ್ ಮೂಲಕ ಹೋಗುವ ಹಣ ಅರ್ಜಿಯಲ್ಲಿ ಬರೆದ ಖಾತೆಗೆ ಬೀಳುವುದಿಲ್ಲ, ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ ಎನ್‌ಪಿಸಿಐಯ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ ಬೀಳುತ್ತದೆ. ಎಂದೋ ಸಿಮ್ ಕೊಳ್ಳುವಾಗ ಹೆಬ್ಬೆಟ್ಟು ಒತ್ತಿ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ಎರಡು ವರ್ಷದ ಪಿಎಂ ಕಿಸಾನ್ ಕಂತುಗಳು ಕೂತಿರಬಹುದು. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆಯಾ’ ಎಂದು ಕೇಳಬೇಡಿ, ‘ಎನ್‌ಪಿಸಿಐಯಲ್ಲಿ ಯಾವ ಬ್ಯಾಂಕ್ ತೋರಿಸುತ್ತದೆ’ ಎಂದು ಕೇಳಿ. ಇನ್ನೊಂದು ಕಡೆ ಪಹಣಿಯಲ್ಲಿ ‘ಶರಣಪ್ಪ ತಂದೆ ಬಸಣ್ಣ’, ಆಧಾರ್‌ನಲ್ಲಿ ‘ಶರಣಬಸಪ್ಪ’. ತಂತ್ರಾಂಶಕ್ಕೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗಂತೂ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ವರ್ಗಾವಣೆ, ಆಗದೆ ಯಾವ ಬಾಗಿಲೂ ತೆರೆಯದು. ಬೇರೆಯವರ ಹೊಲವನ್ನು ಲಾವಣಿಗೆ (ಗುತ್ತಿಗೆಗೆ), ಪಾಲಿಗೆ ಮಾಡುವವರದು ಇನ್ನೂ ಕಷ್ಟ. ಬಿತ್ತುವವನು ಒಬ್ಬ, ಪರಿಹಾರ ಪಹಣಿಯವನಿಗೆ. ಕರಾರು ಬರೆದುಕೊಟ್ಟರೆ ಹೊಲವೇ ಕೈತಪ್ಪೀತೆಂದು ಮಾಲೀಕ ಹೆದರುತ್ತಾನೆ, ಆ ಹೆದರಿಕೆ ತಹಶೀಲ್ದಾರರ ಒಂದು ಸುತ್ತೋಲೆಯಿಂದ ಹೋಗುವಂಥದ್ದಲ್ಲ. ಕನಿಷ್ಠ ಸಮೀಕ್ಷೆಯಲ್ಲಿ ‘ಸಾಗುವಳಿ ಮಾಡುತ್ತಿರುವವರು’ ಎಂಬ ನಮೂದು ಹಕ್ಕಿಗೆ ಸಂಬಂಧವಿಲ್ಲದೆ ಇರಲಿ.

ಇಷ್ಟರಲ್ಲಿ ಮೊದಲು ಮಾಡಬೇಕಾದದ್ದು ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಚಾವಡಿ ಓದು. ಹಿಂಗಾರಿ ಸಮೀಕ್ಷೆ ಮುಗಿದ ಕೂಡಲೇ, ಅಂತಿಮಗೊಳಿಸುವ ಮೊದಲು, ಪ್ರತಿ ಊರಿನಲ್ಲಿ ಒಂದು ಸಂಜೆ ಡಂಗುರ ಸಾರಿಸಿ, ಸರ್ವೆ ನಂಬರು, ಹೆಸರು, ಬೆಳೆ, ವಿಸ್ತೀರ್ಣ ಗಟ್ಟಿಯಾಗಿ ಓದಿಸಿ. ಬೆಳೆ ದರ್ಶಕ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಬಹುದು ಎಂಬುದು ಸರಿ, ಆದರೆ ಅರವತ್ತು ದಾಟಿದ ರೈತನಿಗೆ ಆ್ಯಪ್‌ಗಿಂತ ಕಿವಿ ಚುರುಕು. ‘ಏ, ಆ ನಂಬರಿನ್ಯಾಗ ಕಡ್ಲಿ ಎಲ್ಲೈತಿ, ಜ್ವಾಳ ಐತಿ’ ಎಂದು ಪಕ್ಕದ ಹೊಲದವನೇ ಕೂಗುತ್ತಾನೆ. ಅಲ್ಲೇ ತಿದ್ದುಪಡಿ ಬರೆದುಕೊಂಡು, ಏಳು ದಿನದೊಳಗೆ ಹೊಲ ನೋಡಿ, ತಿದ್ದಿದ ಪ್ರತಿಗೆ ಸಹಿ ಹಾಕಿ ಫಲಕಕ್ಕೆ ಅಂಟಿಸಲಿ. ಜೋಳ ಹೊಲದಲ್ಲಿ ನಿಂತಿರುವಾಗ, ಅಂದರೆ ಜನವರಿ ಮುಗಿಯುವುದರೊಳಗೆ ಇದು ಆಗಬೇಕು. ಕಿತ್ತ ಮೇಲೆ ಕೂಳೆ ತೋರಿಸಿ ವಾದ ಮಾಡಲಾಗುವುದಿಲ್ಲ.

ಈ ಹಿಂಗಾರಿಯ ಸಮೀಕ್ಷೆಯ ವೇಳಾಪಟ್ಟಿ, ಕಟಾವು ಪ್ರಯೋಗದ ತಾಕುಗಳ ಪಟ್ಟಿ ಮತ್ತು ಜೋಳ ಖರೀದಿ ಕೇಂದ್ರ ತೆರೆಯುವ ದಿನಾಂಕ ಮೂರನ್ನೂ ಪಂಚಾಯಿತಿವಾರು ಪ್ರಕಟಿಸಲು ಕೋರುತ್ತೇವೆ.

ಇಂತಿ,
ಕಲಬುರಗಿ ಜಿಲ್ಲೆಯ ಹಿಂಗಾರಿ ಜೋಳದ ಬೆಳೆಗಾರರು